ವೆನಿಸ್‌ನಲ್ಲಿ ಒಂದು ದಿನ: ಯಾವ ಹೊತ್ತಿಗೆ ಎಲ್ಲಿರಬೇಕು

ವೆನಿಸ್‌ಗೆ ಒಂದೇ ದಿನ ಇಟ್ಟುಕೊಂಡಿದ್ದೀರಾ? ಹಾಗಾದರೆ ಏನೇನು ನೋಡಬೇಕು ಅನ್ನುವ ಪಟ್ಟಿ ಆಮೇಲೆ ಮಾಡಿ. ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರು ಹತ್ತು ಗಂಟೆಯ ಹೊತ್ತಿಗೆ ತುಂಬಿಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರು ಹೋಗೋದು ರಿಯಾಲ್ಟೊ ಸೇತುವೆ ಮತ್ತು ಸಾನ್ ಮಾರ್ಕೊ ಚೌಕಕ್ಕೆ. ಐದಾರು ಗಂಟೆಗೆ ಜನ ಕರಗಲು ಶುರು. ನಾವು ಐದು ಜನ ಸ್ನೇಹಿತರು ಜೂನ್‌ನಲ್ಲಿ ಹೋದಾಗ ಬೆಳಿಗ್ಗೆ ಬೇಗ ಸಾನ್ ಮಾರ್ಕೊ, ಮಧ್ಯಾಹ್ನ ಅದರಿಂದ ದೂರ, ಸಂಜೆ ಮತ್ತೆ ಅಲ್ಲಿಗೇ ಅಂತ ಇಟ್ಟುಕೊಂಡಿದ್ದೆವು. ಈ ಒಂದು ತೀರ್ಮಾನದಿಂದ ದಿನ ಪೂರ್ತಿ ಚೆನ್ನಾಗಾಯಿತು.

ಉಳಿದುಕೊಳ್ಳಲು ಮೆಸ್ತ್ರೆ ಸಾಕು. ಅದು ಸಮುದ್ರದ ಈಚೆಗೆ, ನೆಲದ ಮೇಲಿರುವ ಭಾಗ. ಹೋಟೆಲ್ ಬಾಡಿಗೆ ಕಡಿಮೆ. ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ವೆನಿಸ್. ಆದರೆ ಟಿಕೆಟ್ ತೆಗೆಯುವಾಗ ಹೆಸರು ನೋಡಿ. 'ವೆನೆತ್ಸಿಯಾ ಮೆಸ್ತ್ರೆ' ಬೇರೆ, 'ವೆನೆತ್ಸಿಯಾ ಸಾಂತಾ ಲೂಚಿಯಾ' ಬೇರೆ. ಕಾಲುವೆಗಳ ಊರಿಗೆ ಇಳಿಯಬೇಕಾದದ್ದು ಸಾಂತಾ ಲೂಚಿಯಾದಲ್ಲಿ, ಅದೇ ಕೊನೆಯ ನಿಲ್ದಾಣ.

ಪ್ರವೇಶ ಶುಲ್ಕದ ವಿಷಯ ಹೊರಡುವ ಮೊದಲೇ ನೋಡಿಕೊಳ್ಳಬೇಕು. 2024ರಿಂದ ವೆನಿಸ್ ನಗರಸಭೆ, ಜನ ಜಾಸ್ತಿ ಬರುವ ಕೆಲವು ದಿನಗಳಲ್ಲಿ, ಹಗಲಿಗೆ ಮಾತ್ರ ಬಂದು ಹೋಗುವವರಿಂದ ಹಣ ತೆಗೆದುಕೊಳ್ಳುತ್ತಿದೆ. ಏಪ್ರಿಲ್‌ನಿಂದ ಜುಲೈವರೆಗೆ, ಹೆಚ್ಚಾಗಿ ವಾರದ ಕೊನೆಯ ದಿನಗಳು. ಬೆಳಿಗ್ಗೆ 8:30ರಿಂದ ಸಂಜೆ 4ರವರೆಗೆ. ಮೊದಲೇ ಕಟ್ಟಿದರೆ 5 ಯೂರೊ, ಕೊನೆ ಗಳಿಗೆಯಲ್ಲಿ 10 ಯೂರೊ. ಮೆಸ್ತ್ರೆಯೂ ವೆನಿಸ್ ನಗರಸಭೆಯ ಒಳಗೇ ಬರುವುದರಿಂದ ಅಲ್ಲಿ ರಾತ್ರಿ ತಂಗಿದವರು ಕಟ್ಟಬೇಕಿಲ್ಲ. ಹಾಗಂತ ಸುಮ್ನೆ ಹೋಗಿಬಿಡಬೇಡಿ. ಆನ್‌ಲೈನ್‌ನಲ್ಲಿ ವಿನಾಯಿತಿಯ ಕ್ಯೂಆರ್ ಕೋಡ್ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಪಡುವಾ, ವೆರೋನಾ ಕಡೆಯಿಂದ ಒಂದು ದಿನಕ್ಕೆ ಬರುವವರಿಗೆ ಶುಲ್ಕ ತಪ್ಪಲ್ಲ.

ಊರೊಳಗೆ ಬಸ್ಸಿಲ್ಲ, ಆಟೊ ಇಲ್ಲ, ಸೈಕಲ್ ಕೂಡ ಇಲ್ಲ. ಇರೋದು ವಾಪೊರೆಟ್ಟೊ, ಅಂದರೆ ದೋಣಿ ಬಸ್ಸು. 75 ನಿಮಿಷದ ಟಿಕೆಟ್‌ಗೆ 9.50 ಯೂರೊ, 24 ಗಂಟೆಯದಕ್ಕೆ 25. ಮೂರು ಸಲ ಹತ್ತುವುದಾದರೆ 24 ಗಂಟೆಯದೇ ಲಾಭ. ಮೆಸ್ತ್ರೆಯ ಸಿಟಿ ಬಸ್ಸಿಗೂ ಟ್ರ್ಯಾಮ್‌ಗೂ ಅದೇ ಟಿಕೆಟ್ ನಡೆಯುತ್ತದೆ. ರೈಲಿಗೆ ಮತ್ತು ವಿಮಾನ ನಿಲ್ದಾಣದ ಬಸ್ಸಿಗೆ ನಡೆಯಲ್ಲ. ಹತ್ತುವ ಮೊದಲು ಪ್ರತಿ ಸಲವೂ ಯಂತ್ರಕ್ಕೆ ತೋರಿಸಬೇಕು, ಇಲ್ಲದಿದ್ದರೆ ದಂಡ.

ನಾವು ಮೆಸ್ತ್ರೆಯಿಂದ ಬಸ್ಸಿನಲ್ಲಿ ಪಿಯಾತ್ಸಾಲೆ ರೋಮಾಗೆ ಬಂದೆವು. ವಾಹನಗಳು ಬರುವುದು ಅಲ್ಲಿಯವರೆಗೆ ಮಾತ್ರ. 1ನೇ ನಂಬರಿನ ವಾಪೊರೆಟ್ಟೊ ಹೊರಡುವುದೂ ಅಲ್ಲಿಂದಲೇ. ರೈಲು ನಿಲ್ದಾಣದಲ್ಲಿ ಹತ್ತಿದರೆ ಸೀಟು ಸಿಗುವುದು ಕಷ್ಟ, ಇಲ್ಲಿ ಸುಲಭ. ಏಳು ಗಂಟೆಗೆ ಹತ್ತಿ ಹೊರಗಿನ ಸೀಟು ಹಿಡಿಯಿರಿ. ಊರಿನ ಮುಖ್ಯ ಕಾಲುವೆ ಗ್ರ್ಯಾಂಡ್ ಕೆನಾಲ್ ಪೂರ್ತಿ ಕಣ್ಣ ಮುಂದೆ ಬರುತ್ತದೆ. ಸಾನ್ ಮಾರ್ಕೊ ತಲುಪಲು ಮುಕ್ಕಾಲು ಗಂಟೆ. ಎಡಕ್ಕೆ ಕಾ ದೋರೊ ಅರಮನೆ, ಬಲಕ್ಕೆ ಮೀನು ಮಾರುಕಟ್ಟೆ, ಆಮೇಲೆ 1591ರಲ್ಲಿ ಕಟ್ಟಿ ಮುಗಿಸಿದ ರಿಯಾಲ್ಟೊ ಸೇತುವೆ. 1854ರವರೆಗೆ ಈ ಕಾಲುವೆಗಿದ್ದ ಒಂದೇ ಸೇತುವೆ ಅದು. ಕೊನೆಯಲ್ಲಿ ಬಲಗಡೆ ಸಾಲೂತೆ ಚರ್ಚಿನ ದೊಡ್ಡ ಗುಮ್ಮಟ. 1630ರ ಪ್ಲೇಗ್ ಬಂದಾಗ ಹರಕೆ ಹೊತ್ತು ಕಟ್ಟಿದ ಚರ್ಚು ಅದು. ಕೆಸರಿನೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮರದ ಗೂಟ ಹೊಡೆದು ಅದರ ಮೇಲೆ ನಿಲ್ಲಿಸಿದ್ದಾರೆ ಎಂದು ಹೇಳುತ್ತಾರೆ. ಕೆಸರಿನಡಿ ಗಾಳಿ ತಾಗದ ಕಾರಣ ಮರ ಬೇಗ ಕೊಳೆಯುವುದಿಲ್ಲ. ಊರಿನ ತುಂಬ ಕಟ್ಟಡಗಳು ನಿಂತಿರುವುದು ಹೀಗೆಯೇ.

ಎಂಟು ಗಂಟೆಗೆ ಸಾನ್ ಮಾರ್ಕೊ ಚೌಕದಲ್ಲಿ ಕಸ ಗುಡಿಸುವವರು ಮತ್ತು ಬೆರಳೆಣಿಕೆಯ ಜನ. ಫೋಟೊ ತೆಗೆಯಲು, ಕಣ್ತುಂಬ ನೋಡಲು ಇದೇ ಸಮಯ. ಆಮೇಲೆ ಒಳಗೆ ಹೋಗಲು ಬಸಿಲಿಕಾ (ಚೌಕದಲ್ಲಿರುವ ದೊಡ್ಡ ಚರ್ಚು) ಅಥವಾ ಡೋಜ್ (ಹಿಂದೆ ವೆನಿಸ್ ಆಳುತ್ತಿದ್ದ ಮುಖ್ಯಸ್ಥ) ಅರಮನೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಒಂದೇ ದಿನದಲ್ಲಿ ಎರಡನ್ನೂ ನೋಡಿದರೆ ಎರಡೂ ತಲೆಗೆ ಹತ್ತುವುದಿಲ್ಲ. ನನ್ನ ಮತ ಬಸಿಲಿಕಾಗೆ. ಮೇಲ್ಛಾವಣಿಯ ತುಂಬ ಬಂಗಾರದ ಮೊಸಾಯಿಕ್, ಅಂದರೆ ಸಣ್ಣ ಸಣ್ಣ ಚೂರು ಜೋಡಿಸಿ ಮಾಡಿದ ಚಿತ್ರಗಳು. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ. ಭುಜ, ಮಂಡಿ ಮುಚ್ಚಿರಬೇಕು, ದೊಡ್ಡ ಬ್ಯಾಗ್ ಬಿಡುವುದಿಲ್ಲ. ಮ್ಯೂಸಿಯಂನ ಟಿಕೆಟ್ ಸೇರಿಸಿಯೇ ತೆಗೆದುಕೊಳ್ಳಿ. ಹೊರಗೆ ಮುಂಭಾಗದಲ್ಲಿ ಕಾಣುವ ನಾಲ್ಕು ಕಂಚಿನ ಕುದುರೆಗಳು ನಕಲು, ಅಸಲಿ ಕುದುರೆಗಳು ಮೇಲಿನ ಮ್ಯೂಸಿಯಂನಲ್ಲಿವೆ. ವೆನಿಸ್‌ನವರು ಅವನ್ನು ಕಾನ್‌ಸ್ಟಾಂಟಿನೋಪಲ್‌ನಿಂದ ಹೊತ್ತು ತಂದರು. 1797ರಲ್ಲಿ ನೆಪೋಲಿಯನ್ ಪ್ಯಾರಿಸ್‌ಗೆ ಸಾಗಿಸಿದ. 1815ರಲ್ಲಿ ವಾಪಸ್ ಬಂದವು. ಹತ್ತಿರದಿಂದ ನೋಡಿದಾಗ ಆ ಕಣ್ಣು, ಆ ಮೂಗಿನ ಹೊಳ್ಳೆ! ನಮ್ಮಲ್ಲಿ ಯಾರಿಗೂ ಅಲ್ಲಿಂದ ಕದಲಲು ಮನಸ್ಸಾಗಲಿಲ್ಲ.

ಹನ್ನೊಂದಕ್ಕೆ ಜಾಗ ಖಾಲಿ ಮಾಡಿ. ಅಕಾಡೆಮಿಯಾ ಸೇತುವೆ ದಾಟಿದರೆ ದೊರ್ಸೊದೂರೊ ಬಡಾವಣೆ. ಅಲ್ಲಿ ಸಾನ್ ತ್ರೊವಾಸೊ ಎಂಬಲ್ಲಿ ಗೊಂಡೊಲ (ಹುಟ್ಟು ಹಾಕಿ ನಡೆಸುವ ಉದ್ದನೆಯ ದೋಣಿ) ಕಟ್ಟುವ, ರಿಪೇರಿ ಮಾಡುವ ಹಳೆಯ ಕಾರ್ಯಾಗಾರ ಇದೆ. ಕಾಲುವೆಯ ಈಚೆ ದಡದಿಂದ ದುಡ್ಡಿಲ್ಲದೆ ನೋಡಬಹುದು. ಗೊಂಡೊಲ ಸುಮಾರು 11 ಮೀಟರ್ ಉದ್ದ. ಎಡಗಡೆ ಬಲಗಡೆಗಿಂತ ಅಗಲ. ಹುಟ್ಟು ಹಾಕುವವನು ಒಂದೇ ಬದಿಯಿಂದ ಹಾಕುತ್ತಾನಲ್ಲ, ಆದರೂ ದೋಣಿ ನೇರ ಹೋಗಬೇಕು, ಅದಕ್ಕೆ ಈ ಉಪಾಯ. ಇದನ್ನು ನೋಡಿ ಆಮೇಲೆ ಗೊಂಡೊಲ ಹತ್ತಿದರೆ ಸವಾರಿಯ ರುಚಿಯೇ ಬೇರೆ.

ಗೊಂಡೊಲಕ್ಕೆ ನಗರಸಭೆ ಗೊತ್ತು ಮಾಡಿದ ದರ ಹಗಲಲ್ಲಿ 30 ನಿಮಿಷಕ್ಕೆ 90 ಯೂರೊ, ಸಂಜೆ ಏಳರ ನಂತರ 110. ಇದು ದೋಣಿಗೆ, ತಲೆಗಲ್ಲ. ಐದು ಜನ ಕೂರಬಹುದು, ಹಾಗಾಗಿ ನಮಗೆ ತಲಾ 18 ಯೂರೊ ಬಿತ್ತು. ಸಾನ್ ಮಾರ್ಕೊ ಹತ್ತಿರ ಹತ್ತಬೇಡಿ, ಅಲ್ಲಿ ದೋಣಿಯ ಹಿಂದೆ ದೋಣಿ. ಒಳಗಿನ ಸಣ್ಣ ಕಾಲುವೆಯ ದಡದಲ್ಲಿ ಹತ್ತಿ. ಎಷ್ಟು ನಿಮಿಷ, ಯಾವ ದಾರಿ ಅಂತ ಮೊದಲೇ ಕೇಳಿ. ಅಷ್ಟು ಖರ್ಚು ಬೇಡ ಅನ್ನುವವರಿಗೆ ತ್ರಗೆತ್ತೊ ಇದೆ. ಗ್ರ್ಯಾಂಡ್ ಕೆನಾಲನ್ನು ಅಡ್ಡ ದಾಟಿಸುವ ಗೊಂಡೊಲ, 2 ಯೂರೊ. ಕಾ ದೋರೊ ಪಕ್ಕದ ಸಾಂತಾ ಸೊಫಿಯಾದಿಂದ ಮೀನು ಮಾರುಕಟ್ಟೆಗೆ ಎರಡು ನಿಮಿಷದಲ್ಲಿ ದಾಟಿಸುತ್ತಾರೆ.

ಊಟ. ನಮ್ಮಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ' ಅಂದರೆ ಮಾಂಸ ಬೇಡ, ಮೀನು ಬೇಡ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಪಿಜ್ಜಾ ಮರಿನಾರಾ ಅನ್ನುವ ಹೆಸರು ಕೇಳಿ ಮೀನು ಇರಬಹುದು ಅಂತ ಬಿಡಬೇಡಿ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ ಅಷ್ಟೇ. ಚೀಸ್ ಕೂಡ ಇಲ್ಲ. ಚಿಕ್ಕೆತ್ತಿ ಎಂಬ ಸಣ್ಣ ತಿಂಡಿಗಳಲ್ಲಿ ಮೀನು ಜಾಸ್ತಿ, ಕೇಳಿಯೇ ತೆಗೆದುಕೊಳ್ಳಿ. ಟೇಬಲ್‌ಗೆ ಕೂತರೆ ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ತಲೆಗೆ ಇಷ್ಟು ಸೇರುತ್ತದೆ. ಕಾಫಿಯನ್ನು ನಿಂತೇ ಕುಡಿದರೆ ಅಗ್ಗ. ಸಾನ್ ಮಾರ್ಕೊ ಚೌಕದ ಹೋಟೆಲುಗಳಲ್ಲಿ ವಾದ್ಯಗೋಷ್ಠಿ ನಡೆಯುತ್ತಿದ್ದರೆ ಅದಕ್ಕೂ ಬೇರೆ ಹಣ. ಕುಡಿಯುವ ನೀರು ಬೀದಿ ನಲ್ಲಿಗಳಲ್ಲಿ ಬರುತ್ತದೆ, ಬಾಟಲಿ ಕೈಯಲ್ಲಿರಲಿ. ಚರ್ಚಿನ ಮೆಟ್ಟಿಲ ಮೇಲೆ, ಸೇತುವೆ ಮೇಲೆ ಕೂತು ತಿಂದರೆ ದಂಡ ಹಾಕುತ್ತಾರೆ. ಪಾರಿವಾಳಕ್ಕೆ ಕಾಳು ಹಾಕುವುದೂ ನಿಷೇಧ.

ಮಧ್ಯಾಹ್ನದ ನಂತರ ಕನ್ನರೆಜಿಯೊ ಬಡಾವಣೆ ಕಡೆ ಹೋಗಿ. 1516ರಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ ಅಲ್ಲಿದೆ. ಹೊರಗೆ ಮನೆ ಕಟ್ಟಲು ಬಿಡದ ಕಾರಣ ಮೇಲಕ್ಕೇ ಕಟ್ಟುತ್ತಾ ಹೋದರು. ಒಂದರ ಮೇಲೊಂದು ತಗ್ಗು ಮಹಡಿಗಳು, ಸಣ್ಣ ಕಿಟಕಿಗಳು. ನೋಡುತ್ತಾ ನಿಂತರೆ ಎದೆ ಭಾರವಾಗುತ್ತದೆ.

ಬುರಾನೊ ದ್ವೀಪದ ಬಣ್ಣದ ಮನೆಗಳನ್ನು ನಾವು ಬಿಟ್ಟೆವು. ಫೊಂದಾಮೆಂತೆ ನೊವೆಯಿಂದ 12ನೇ ನಂಬರಿನ ದೋಣಿಯಲ್ಲಿ ಹೋಗಲೇ ಮುಕ್ಕಾಲು ಗಂಟೆ ಬೇಕು. ಎರಡನೇ ದಿನ ಇದ್ದರೆ ಮಾತ್ರ ಹೋಗಿ.

ಐದರ ಹೊತ್ತಿಗೆ ಸಾನ್ ಮಾರ್ಕೊ ಹತ್ತಿರದ ಸಾನ್ ತ್ಸಕ್ಕರಿಯಾ ದೋಣಿ ನಿಲ್ದಾಣದಿಂದ 2ನೇ ನಂಬರಿನ ದೋಣಿಯಲ್ಲಿ ಎದುರಿನ ಸಾನ್ ಜಾರ್ಜೊ ಮಜ್ಜೋರೆ ದ್ವೀಪಕ್ಕೆ ಹೋಗಿ. ಅಲ್ಲಿನ ಗಂಟೆ ಗೋಪುರಕ್ಕೆ ಲಿಫ್ಟ್ ಇದೆ, ಸಾನ್ ಮಾರ್ಕೊ ಗೋಪುರದಷ್ಟು ಸಾಲು ಇರುವುದಿಲ್ಲ. ಮುಚ್ಚುವ ವೇಳೆ ಮೊದಲೇ ನೋಡಿಕೊಳ್ಳಿ. ಇಡೀ ಊರು, ಅದರ ಸುತ್ತಲಿನ ಲಗೂನು (ಸಮುದ್ರದ ಹಿನ್ನೀರು) ಎಲ್ಲ ಅಲ್ಲಿಂದ ಕಾಣುತ್ತದೆ. ಲಗೂನಿನ ದಕ್ಷಿಣದ ತುದಿಯಲ್ಲಿ ಕಿಯೊಜ್ಜಾ ಎಂಬ ಊರಿದೆ. ವಿಜಯನಗರಕ್ಕೆ ಬಂದಿದ್ದ ನಿಕೊಲೊ ಕೊಂಟಿ ಹುಟ್ಟಿದ್ದು ಅಲ್ಲೇ. ಶಾಲೆಯಲ್ಲಿ ಓದಿದ ಆ ಹೆಸರಿನವನು ಇದೇ ನೀರಿನಿಂದ ಹೊರಟು ತುಂಗಭದ್ರೆಯ ದಡದವರೆಗೆ ಬಂದಿದ್ದ ಅಂದುಕೊಂಡಾಗ ನಮಗೆಲ್ಲ ಮೈ ಜುಮ್ಮೆಂದಿತು.

ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರು ಒಂದು ವಿಷಯ ನೆನಪಿಡಿ. ಇಲ್ಲಿನ ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲು. ನಡೆಯುವುದನ್ನು ಅರ್ಧಕ್ಕೆ ಇಳಿಸಿ, ದೋಣಿ ಜಾಸ್ತಿ ಬಳಸಿ. ಸೂಟ್‌ಕೇಸನ್ನು ಹೋಟೆಲಿನಲ್ಲೋ ನಿಲ್ದಾಣದಲ್ಲೋ ಬಿಟ್ಟು ಬನ್ನಿ. ಶೌಚಾಲಯಕ್ಕೆ ಒಂದೂವರೆ ಯೂರೊ ಚಿಲ್ಲರೆ ಬೇಕು. ಅಕ್ಟೋಬರ್‌ನಿಂದ ಜನವರಿವರೆಗೆ ಸಮುದ್ರ ಉಕ್ಕುವುದುಂಟು. 2020ರಿಂದ ಮೋಸೆ ತಡೆಗೇಟುಗಳು ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಆದರೆ ಸಾನ್ ಮಾರ್ಕೊ ತಗ್ಗಿನಲ್ಲಿರುವುದರಿಂದ ಸಣ್ಣ ಉಬ್ಬರಕ್ಕೂ ನೀರು ಬರಬಹುದು. ಆ ತಿಂಗಳುಗಳಲ್ಲಿ ಹೋಗುವವರು ಒದ್ದೆಯಾದರೂ ಪರವಾಗಿಲ್ಲ ಅನ್ನುವಂಥ ಚಪ್ಪಲಿ ಹಾಕಿಕೊಳ್ಳಿ.

ಜೂನ್‌ನಲ್ಲಿ ಕತ್ತಲಾಗುವುದು ಒಂಬತ್ತರ ನಂತರ. ಅಲ್ಲಿಯವರೆಗೂ ಸಾನ್ ಮಾರ್ಕೊದಲ್ಲಿ ಇರಿ, ಆತುರ ಬೇಡ. ವಾಪಸ್ ನಡೆದು ಹೋಗುವುದಾದರೆ ಗೋಡೆಗಳ ಮೇಲಿನ ಹಳದಿ ಫಲಕಗಳಲ್ಲಿ 'ಫೆರೊವಿಯಾ' (ರೈಲು) ಅಂತ ಇರುವ ದಿಕ್ಕು ಹಿಡಿಯಿರಿ. ಮುಕ್ಕಾಲು ಗಂಟೆಯೊಳಗೆ ನಿಲ್ದಾಣ. ತಡವಾದರೆ 'ಎನ್' ಗುರುತಿನ ರಾತ್ರಿ ದೋಣಿಯೂ ಇದೆ, 24 ಗಂಟೆಯ ಟಿಕೆಟ್ ಅದಕ್ಕೂ ನಡೆಯುತ್ತದೆ.