ನಮ್ಮವರ ಮೇಲೇ ನಂಬಿಕೆ ಇಲ್ವಾ ಸಿಸ್ಟರ್?

ಆರಾಧನೆ ಮುಗಿದು ಚಪ್ಪಲಿ ಹುಡುಕುತ್ತಿರುವಾಗ ಈ ಪ್ರಶ್ನೆ ಕೇಳುತ್ತಾರೆ. ಮದುವೆ ಊಟದಲ್ಲಿ ಬಿರಿಯಾನಿ ತಟ್ಟೆ ಕೈಯಲ್ಲಿರುವಾಗ ಕೇಳುತ್ತಾರೆ. ಕೆಲವರು ನಗುತ್ತಾ, ಕೆಲವರು ಮುಖ ಗಂಟಿಕ್ಕಿಕೊಂಡು. "ನಮ್ಮವರ ಮೇಲೇ ನಂಬಿಕೆ ಇಲ್ವಾ ಸಿಸ್ಟರ್?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಹಿನ್ನೆಲೆ: ಕೋಲಾರ ಜಿಲ್ಲೆಯ ಸಣ್ಣ ಊರೊಂದರಲ್ಲಿ ನಮ್ಮದೊಂದು ಚಿಕ್ಕ ಕ್ರೈಸ್ತ ಟ್ರಸ್ಟ್ ಇದೆ. ಸಂಜೆ ಮಕ್ಕಳಿಗೆ ಟ್ಯೂಷನ್, ಹೆಂಗಸರಿಗೆ ಹೊಲಿಗೆ ತರಗತಿ, ಬೇಸಿಗೆ ರಜೆಯಲ್ಲಿ ವಿಬಿಎಸ್, ಅಂದರೆ ಮಕ್ಕಳ ರಜಾ ಬೈಬಲ್ ಶಾಲೆ. ಅಲ್ಲಿಗೆ ಬರುವವರ ಸುರಕ್ಷತೆಯ ಹೊಣೆ ನನ್ನದು. ಹೊಸದಾಗಿ ಸೇವೆಗೆ ಬರುವವರು ಫಾರಂ ತುಂಬಬೇಕು, ಹಿಂದೆ ಸೇವೆ ಮಾಡಿದ ಕಡೆಯ ಇಬ್ಬರ ಫೋನ್ ನಂಬರ್ ಕೊಡಬೇಕು, ಪೊಲೀಸ್ ವೆರಿಫಿಕೇಶನ್ ಮಾಡಿಸಬೇಕು. ಮುಚ್ಚಿದ ಕೋಣೆಯಲ್ಲಿ ಮಗುವಿನ ಜೊತೆ ದೊಡ್ಡವರು ಒಬ್ಬರೇ ಇರುವಂತಿಲ್ಲ. ಒಂದೊಂದೇ ಮಗುವನ್ನು ಬೈಕಿನಲ್ಲಿ ಮನೆಗೆ ಬಿಡುವಂತಿಲ್ಲ, ರಾತ್ರಿ ಹೊತ್ತು ವಾಟ್ಸಾಪಿನಲ್ಲಿ ಮಾತಾಡುವಂತಿಲ್ಲ. ಪಾಸ್ಟರಿಗೂ ಇದೇ ನಿಯಮ, ನನಗೂ ಇದೇ.

ಪ್ರಶ್ನೆಗೆ ಉತ್ತರ: ನಂಬಿಕೆ ಇದೆ. ಇದ್ದರೂ ಫಾರಂ ತುಂಬಬೇಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆ "ನಮ್ಮವರು" ಅನ್ನುವ ಮಾತು ನನ್ನನ್ನು ಬಿಡುವುದಿಲ್ಲ. ಮಕ್ಕಳಿಗೆ ಕೇಡು ಮಾಡುವವನು ಯಾರೋ ಗುರುತಿಲ್ಲದವನು, ಎಲ್ಲಿಂದಲೋ ಬರುತ್ತಾನೆ ಅಂತ ನಾವು ಅಂದುಕೊಂಡಿದ್ದೇವೆ. 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಅಧ್ಯಯನ ಮಾಡಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದರು. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಅಂದರೆ ನಮ್ಮವರೇ.

ಒಂದು ಕಮಿಟಿ ಮೀಟಿಂಗ್ ನೆನಪಾಗುತ್ತದೆ. ವಿಬಿಎಸ್‌ಗೆ ಬೇರೆ ಊರಿನಿಂದ ಒಬ್ಬ ಬ್ರದರ್ ಬರುವುದಿತ್ತು. ಗಿಟಾರ್ ನುಡಿಸುತ್ತಾರೆ, ಗೊಂಬೆ ಆಡಿಸುತ್ತಾ ಕಥೆ ಹೇಳುತ್ತಾರೆ, ಮಕ್ಕಳು ಮುಗಿಬೀಳುತ್ತಾರೆ ಅಂತ ಕೇಳಿದ್ದೆವು. ನಾನು ಕಳಿಸಿದ ಫಾರಂ ತುಂಬಿ ವಾಪಸ್ ಕಳಿಸಿದ್ದರು. ಇಬ್ಬರ ಹೆಸರು ಬರೆಯಬೇಕಾದ ಜಾಗದಲ್ಲಿ "ಕರ್ತನು ನನ್ನನ್ನು ಬಲ್ಲನು" ಎಂದಿತ್ತು. ಫೋನ್ ನಂಬರಿನ ಕಾಲಂ ಖಾಲಿ. ನಂಬರ್ ಬರುವವರೆಗೂ ಅವರ ಹೆಸರು ಪಟ್ಟಿಗೆ ಸೇರುವುದಿಲ್ಲ ಅಂದೆ.

ಹಿರಿಯರೊಬ್ಬರು ಟೀ ಲೋಟ ಕೆಳಗಿಟ್ಟರು. "ದೇವರ ಸೇವಕರನ್ನ ಕಳ್ಳರ ಥರ ವಿಚಾರಿಸೋದಾ ಸಿಸ್ಟರ್?"

ಪಕ್ಕದಲ್ಲಿ ಟ್ರೆಷರರ್ ಅಂಕಲ್ ಕೂತಿದ್ದರು. ನಾನು ಅವರ ಕಡೆ ತಿರುಗಿದೆ. "ಅಂಕಲ್, ಭಾನುವಾರ ಕಾಣಿಕೆ ಚೀಲ ಎಷ್ಟು ಜನ ಎಣಿಸ್ತೀರಿ?"

"ಇಬ್ಬರು. ಇಬ್ಬರೂ ರಿಜಿಸ್ಟರಲ್ಲಿ ಸೈನ್ ಮಾಡ್ತೀವಲ್ಲಮ್ಮ."

"ನಿಮ್ಮನ್ನ ಕಳ್ಳ ಅಂತ ಯಾರಾದ್ರೂ ಅಂದಿದ್ದಾರಾ?"

"ಛೆ, ಪದ್ಧತಿ ಅದು. ನಾಳೆ ಯಾರೂ ನನ್ನ ಮೇಲೆ ಬೆರಳು ಮಾಡಬಾರದಲ್ಲ."

"ಹಂಗಾದ್ರೆ ಮಕ್ಕಳ ಜೊತೆ ಒಬ್ಬರೇ ಯಾಕೆ?"

ಅಂಕಲ್ ಸುಮ್ಮನಾದರು. ಹಿರಿಯರು ಮಾತ್ರ, "ದುಡ್ಡಿನ ವಿಷಯ ಬೇರೆ ಸಿಸ್ಟರ್" ಅಂದರು.

ಬೇರೆ ಹೇಗೆ ಅಂತ ಆವತ್ತೂ ಕೇಳಿದೆ, ಇವತ್ತೂ ಕೇಳುತ್ತೇನೆ. ಹತ್ತು ರೂಪಾಯಿ ನೋಟಿಗೆ ಇಬ್ಬರ ಕಾವಲು, ಮಗುವಿಗೆ ಗಿಟಾರ್ ನುಡಿಸುವ ಅಣ್ಣನ ಒಳ್ಳೆಯ ಹೆಸರೇ ಕಾವಲು. ಇದು ನನಗೆ ಅರ್ಥವಾಗುವುದಿಲ್ಲ, ಅರ್ಥ ಮಾಡಿಕೊಳ್ಳುವ ಇಷ್ಟವೂ ಇಲ್ಲ.

ಆಮೇಲೆ ಆ ಬ್ರದರ್ ಎರಡು ನಂಬರ್ ಕೊಟ್ಟರು. ಫೋನ್ ಮಾಡಿದೆ, ಎರಡೂ ಕಡೆಯವರು ಒಳ್ಳೆಯದನ್ನೇ ಹೇಳಿದರು. ಅವರು ಬಂದು ಚೆನ್ನಾಗಿ ನಡೆಸಿಕೊಟ್ಟು ಹೋದರು. "ನೋಡಿದ್ರಾ, ಸುಮ್ನೆ ಅನುಮಾನ ಪಟ್ರಿ" ಅಂತ ಮಾತು ಬಂತು. ಸಂತೋಷ. ಒಳ್ಳೆಯ ಮನುಷ್ಯನಿಗೆ ಆ ಫಾರಂನಿಂದ ಹತ್ತು ನಿಮಿಷ ಹೋಯಿತು, ಅಷ್ಟೇ. ನಾನು ಕಾಯುತ್ತಿರುವುದು ಆ ಹತ್ತು ನಿಮಿಷ ಕೊಡಲು ಒಪ್ಪದೆ ಬೇರೆ ಊರು ನೋಡಿಕೊಳ್ಳುವವನಿಗಾಗಿ.

ಅಂದಹಾಗೆ ಇದು ನನ್ನ ತಲೆಯಿಂದ ಹುಟ್ಟಿದ ನಿಯಮವಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 2020ರ ನಿಯಮಗಳ ಪ್ರಕಾರ ಮಕ್ಕಳ ಜೊತೆ ದಿನನಿತ್ಯ ಒಡನಾಡುವ ಸಂಸ್ಥೆಗಳು ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಮಾಡಿಸಲೇಬೇಕು, ಅದನ್ನೂ ಆಗಾಗ. ಸಂಸ್ಥೆ ಚಿಕ್ಕದು, ದೇವರದು ಅಂತ ವಿನಾಯಿತಿ ಇಲ್ಲ. ಆದರೂ ಆ ಸರ್ಟಿಫಿಕೇಟ್ ಒಂದನ್ನೇ ನಾನು ನೆಚ್ಚಿಕೊಂಡಿಲ್ಲ. ಪೊಲೀಸರ ದಾಖಲೆಗೆ ಬಂದಿರುವುದಷ್ಟೇ ಅದರಲ್ಲಿ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ವಿಷಯ ಠಾಣೆಯ ಮೆಟ್ಟಿಲು ಹತ್ತುವುದೇ ಇಲ್ಲ, ಸಭೆಯ, ಅಂದರೆ ಚರ್ಚಿನ, ಹಿರಿಯರ ಮನೆಯ ಹಾಲ್‌ನಲ್ಲೇ ಮುಗಿದುಹೋಗುತ್ತದೆ. ಅದಕ್ಕೇ ಹಿಂದಿನ ಸಭೆಗೆ ನಾನೇ ಫೋನ್ ಮಾಡಿ, "ಇವರನ್ನ ಮತ್ತೆ ಮಕ್ಕಳ ಕೆಲಸಕ್ಕೆ ಕರೀತೀರಾ?" ಅಂತ ನೇರವಾಗಿ ಕೇಳುತ್ತೇನೆ. ಆ ಕಡೆಯವರು ಗಂಟಲು ಸರಿಮಾಡಿಕೊಂಡು ಮಾತು ಬದಲಿಸಿದರೆ ಅದೂ ಉತ್ತರವೇ.

ಬೈಬಲ್ ವಚನ ಹೇಳುವವರೂ ಇದ್ದಾರೆ. "ಪ್ರೀತಿ ಬಹು ಪಾಪಗಳನ್ನು ಮುಚ್ಚುತ್ತದೆ." "ಸಹೋದರರ ಮೇಲೆ ನ್ಯಾಯಾಲಯಕ್ಕೆ ಹೋಗಬೇಡಿ." ವಚನವೇ ಬೇಕಾದರೆ ಎರಡನೆಯ ಸಮುವೇಲನ ಹದಿಮೂರನೆಯ ಅಧ್ಯಾಯ ತೆಗೆಯಿರಿ. ಸಂಡೆ ಸ್ಕೂಲಿನಲ್ಲಿ ಕಲಿಸದ ಅಧ್ಯಾಯ ಅದು. ದಾವೀದನ ಮಗ ಅಮ್ನೋನ ಕಾಯಿಲೆಯವನಂತೆ ಮಲಗಿ, ಮಲತಂಗಿ ತಾಮಾರಳು ಬಂದು ತನ್ನ ಕಣ್ಣೆದುರೇ ರೊಟ್ಟಿ ಮಾಡಿಕೊಡಲಿ ಅನ್ನುತ್ತಾನೆ. ಅವಳನ್ನು ಕಳಿಸುವವನು ಸ್ವತಃ ಅಪ್ಪ, ಅರಸ. ರೊಟ್ಟಿ ತಂದಿಟ್ಟ ಮೇಲೆ ಅಮ್ನೋನ ಎಲ್ಲರನ್ನೂ ಹೊರಗೆ ಹೋಗಲು ಹೇಳುತ್ತಾನೆ. ಎಲ್ಲರೂ ಹೋಗುತ್ತಾರೆ. ಯಾಕೆ ಅಂತ ಒಬ್ಬನೂ ಕೇಳುವುದಿಲ್ಲ. ಆ ಹುಡುಗಿ ಬೇಡ ಅಣ್ಣ, ಬೇಡ ಅಂತ ಅಂಗಲಾಚಿದ್ದು ಅಷ್ಟು ದೊಡ್ಡ ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಒಡಹುಟ್ಟಿದ ಅಬ್ಷಾಲೋಮ ಅವಳಿಗೆ ಹೇಳುವುದೇನು? ಸುಮ್ಮನಿರು, ಅವನು ನಿನ್ನ ಅಣ್ಣ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ದಾವೀದನಿಗೆ ವಿಷಯ ತಿಳಿದು ಬಹಳ ಕೋಪ ಬಂತು ಎಂದಿದೆ. ಕೋಪ ಬಂದು ಏನು ಮಾಡಿದ? ಏನೂ ಇಲ್ಲ. ಎರಡು ವರ್ಷ ಕಳೆದ ಮೇಲೆ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿದ.

ಆ ಮನೆಯಲ್ಲಿ ಹೊರಗಿನವರು ಯಾರಿದ್ದರು? ಎಲ್ಲರೂ ನಮ್ಮವರೇ.

ಇಷ್ಟು ಜನ ಇಷ್ಟು ಸಲ ಕೇಳಿದ್ದಾರೆ. ಎಲ್ಲರಿಗೂ ದೊಡ್ಡವರ ಮರ್ಯಾದೆಯದೇ ಚಿಂತೆ: ಅವರಿಗೆ ಬೇಜಾರಾಗುತ್ತೆ, ಟ್ರಸ್ಟಿನ ಹೆಸರು ಕೆಡುತ್ತೆ, ದಾನ ಕೊಡುವವರು ಏನಂದುಕೊಳ್ತಾರೆ. "ಒಂದು ಮಗು ಬಂದು ನಿಮ್ಮ ಹತ್ತಿರ ಹೇಳಿದರೆ ಏನು ಮಾಡ್ತೀರಿ ಸಿಸ್ಟರ್?" ಅಂತ ಒಬ್ಬರಾದರೂ ಕೇಳಬಾರದೇ! ಕೇಳದಿದ್ದರೂ ಹೇಳುತ್ತೇನೆ, ಏಕೆಂದರೆ ಮಗು ನನ್ನ ಹತ್ತಿರವೇ ಬರುತ್ತದೆ ಅಂತೇನಿಲ್ಲ. ನಾಳೆ ನಿಮ್ಮ ಹತ್ತಿರ ಬರಬಹುದು.

ಕೈಯಲ್ಲಿರುವ ಕೆಲಸ ಬಿಟ್ಟು ಕೂತು ಕೇಳುತ್ತೇನೆ. "ಯಾರಿಗೂ ಹೇಳಲ್ಲ ಕಂದ" ಅಂತ ಮಾತು ಕೊಡುವುದಿಲ್ಲ. ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ ಅನ್ನುತ್ತೇನೆ. ನೀನು ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಅನ್ನುತ್ತೇನೆ. ಅವನು ಹೀಗೆ ಮಾಡಿದನಾ, ಹಾಗೆ ಮಾಡಿದನಾ ಅಂತ ಮಗುವಿನ ಬಾಯಿಗೆ ಮಾತು ತುರುಕುವುದಿಲ್ಲ. ಮಗು ಹೊಟ್ಟೆನೋವು ಅಂದರೆ ಹೊಟ್ಟೆನೋವು ಅಂತಲೇ, ಅದು ಆಡಿದ ಮಾತಿನಲ್ಲೇ, ದಿನ ಮತ್ತು ಹೊತ್ತು ಹಾಕಿ ಬರೆದಿಡುತ್ತೇನೆ. ಆ ದಿನವೇ ಪೊಲೀಸರಿಗೆ ತಿಳಿಸುತ್ತೇನೆ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಸಾಕು, ಅವರು ಮುಂದಿನದು ಹೇಳುತ್ತಾರೆ.

ಆರೋಪ ಬಂದವನನ್ನು ಕರೆಸಿ ಕೇಳುವುದಿಲ್ಲ. ಕಮಿಟಿ ಸೇರಿಸಿ ವಿಚಾರಣೆ ನಡೆಸುವುದಿಲ್ಲ. ಇಬ್ಬರನ್ನೂ ಎದುರುಬದುರು ಕೂರಿಸಿ, ಪ್ರಾರ್ಥನೆ ಮಾಡಿಸಿ, "ಕ್ಷಮಿಸಿಬಿಡು ಮಗಳೇ" ಅನ್ನುವ ಕೆಲಸವನ್ನಂತೂ ಪ್ರಾಣ ಹೋದರೂ ಮಾಡುವುದಿಲ್ಲ, ಮಾಡುವವರನ್ನು ಬಿಡುವುದೂ ಇಲ್ಲ.

ಸಾಕ್ಷಿ ಇಲ್ಲದೆ ಪೊಲೀಸರ ಹತ್ತಿರ ಹೇಗೆ ಹೋಗೋದು ಅನ್ನುತ್ತೀರಿ. ಸಾಕ್ಷಿ ಹುಡುಕುವುದು ಅವರ ಕೆಲಸ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆ ಅಂತ ಗೊತ್ತಾದರೂ, ನಡೆಯಬಹುದು ಎಂಬ ಆತಂಕ ಇದ್ದರೂ ತಿಳಿಸಬೇಕು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರಿಗೆ ಅದೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ತಿಳಿಸದಿದ್ದರೆ ಒಂದು ವರ್ಷದವರೆಗೆ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರಾಜುರಾದಲ್ಲಿ ಆದಿವಾಸಿ ಹೆಣ್ಣುಮಕ್ಕಳ ಹಾಸ್ಟೆಲಿನ ಪ್ರಕರಣವೊಂದು ನಡೆಯಿತು. ಮಕ್ಕಳಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ಗೊತ್ತಿದ್ದೂ ತಿಳಿಸಲಿಲ್ಲ ಎಂಬುದು ಆರೋಪ. ಹೈಕೋರ್ಟ್ ಅವರ ಮೇಲಿನ ಕೇಸನ್ನು ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ನಮ್ಮ ಹಿರಿಯರು ಇದನ್ನು ಎರಡು ಸಲ ಓದಲಿ.

ಹೊಲಿಗೆ ತರಗತಿಯ ಹೆಂಗಸರ ಮಾತು ಬಂದಾಗ "ಅವರು ದೊಡ್ಡವರಲ್ವಾ, ಅವರೇ ನೋಡ್ಕೋತಾರೆ" ಅನ್ನುತ್ತಾರೆ. ಗಂಡ ಬಿಟ್ಟುಹೋಗಿ, ಟ್ರಸ್ಟ್ ಕೊಡುವ ರೇಷನ್ ನಂಬಿಕೊಂಡಿರುವವಳು ರೇಷನ್ ಹಂಚುವವನ ಮೇಲೆ ಹೇಗೆ ದೂರು ಕೊಡುತ್ತಾಳೆ? ಅದೂ ಚಿಕ್ಕ ಟ್ರಸ್ಟಿನಲ್ಲಿ, ಅಧ್ಯಕ್ಷರ ಭಾಮೈದ ಕಾರ್ಯದರ್ಶಿ, ಕಾರ್ಯದರ್ಶಿಯ ಹೆಂಡತಿ ಹೊಲಿಗೆ ಟೀಚರ್ ಆಗಿರುವಾಗ? ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಕಡೆಯ ಲೈಂಗಿಕ ಕಿರುಕುಳದ ದೂರು ಕೇಳಲು ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಂಬಳ ಇಲ್ಲದೆ ದುಡಿಯುವ ವಾಲಂಟಿಯರ್ ಕೂಡ ಆ ಕಾಯ್ದೆಯೊಳಗೆ ಬರುತ್ತಾಳೆ. ಅದಕ್ಕೇ ನಮ್ಮ ಗೋಡೆಯ ಮೇಲೆ ನನ್ನ ನಂಬರಿನ ಜೊತೆ, ಟ್ರಸ್ಟಿನಲ್ಲಿ ಯಾರಿಗೂ ಸಂಬಂಧಿಯಲ್ಲದ ಹೊರಗಿನ ಒಬ್ಬ ಮಹಿಳೆಯ ನಂಬರೂ ಇದೆ, 1098, ತುರ್ತು ಸಹಾಯದ 112 ಕೂಡ ಇವೆ. ದೂರು ನನ್ನ ಮೇಲೆಯೇ ಇದ್ದರೆ ಅವಳು ಎಲ್ಲಿಗೆ ಹೋಗಬೇಕು? ಹೊರಗಿನ ನಂಬರ್ ಹಾಕಿ ಮನೆ ಮಾತು ಬೀದಿಗೆ ತರ್ತೀರಾ ಅಂತ ಆಗಲೂ ಕೇಳಿದರು. ಆ ಹಾಳೆ ಎರಡು ಸಲ ಗೋಡೆಯಿಂದ ಕಾಣೆಯಾಯಿತು. ಈಗ ಲ್ಯಾಮಿನೇಟ್ ಮಾಡಿಸಿ, ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ ಇನ್ನೊಂದು ಅಂಟಿಸಿದ್ದೇನೆ.

ಏಪ್ರಿಲ್ ವಿಬಿಎಸ್‌ಗೆ ಹೆಸರು ಕೊಡುವವರು ಫಾರಂ ಪೂರ್ತಿ ತುಂಬಿ ತನ್ನಿ. ಇಬ್ಬರ ನಂಬರುಗಳಲ್ಲಿ ಒಂದಾದರೂ ನಿಮ್ಮ ಬಂಧುವಲ್ಲದವರದಿರಲಿ. ನಾನು ಫೋನ್ ಮಾಡುತ್ತೇನೆ ಅಂತ ಅವರಿಗೆ ಮೊದಲೇ ಹೇಳಿಡಿ.