ನಂದಿಯಿಂದ ಸಂಗಮಕ್ಕೆ: ಅರ್ಕಾವತಿಯ ಜಾಡು ಹಿಡಿದು ಎರಡು ದಿನ

ಅರ್ಕಾವತಿ ನೋಡಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಊರಿನ ಉತ್ತರಕ್ಕೆ ಹುಟ್ಟಿ, ಪಶ್ಚಿಮವನ್ನು ಬಳಸಿಕೊಂಡು, ದಕ್ಷಿಣದಲ್ಲಿ ಕಾವೇರಿ ಸೇರುವ ಈ ನದಿಯ ಉದ್ದ ಸುಮಾರು 190 ಕಿ.ಮೀ. ಸ್ವಂತ ಗಾಡಿಯಿದ್ದರೆ ಎರಡು ದಿನ ಸಾಕು, ಬಸ್ಸಾದರೆ ಮೂರು ಇಟ್ಟುಕೊಳ್ಳಿ. ಅಕ್ಟೋಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಮೇಲಿನಿಂದ ಕೆಳಕ್ಕೇ ಹೋಗಿ. ತಿರುಗಾಮುರುಗಾ ಹೋದರೆ ನೀರಿನ ಕತೆ ತಲೆಗೆ ಹತ್ತುವುದಿಲ್ಲ.

ನಂದಿಬೆಟ್ಟದಲ್ಲಿ (1,478 ಮೀ.) ಹೊತ್ತು ಕಳೆಯಬೇಡಿ. ಭಾನುವಾರ ಸೂರ್ಯೋದಯ ನೋಡಲು ಹೊರಟವರಿಗೆ ಗಾಡಿಗಳ ಸಾಲಿನಲ್ಲೇ ಬೆಳಗಾಗುತ್ತದೆ. ನದಿಯ ಮೂಲ ಎಂದರೂ ಅಲ್ಲಿ ಹರಿಯುವ ಹೊಳೆ ಕಾಣದು. ದೊಡ್ಡಬಳ್ಳಾಪುರದ ಮೇಲೆ ಹೆಸರಘಟ್ಟಕ್ಕೆ ಇಳಿಯಿರಿ.

ಹೆಸರಘಟ್ಟದ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂತು. ಕೆರೆಗಿಂತ ಪಕ್ಕದ ಹುಲ್ಲುಗಾವಲನ್ನು ನೋಡಿ. ಕಡತದಲ್ಲಿ ಬಂಜರೆನಿಸಿಕೊಂಡಿದ್ದ ಈ ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ. ವಿಸ್ತಾರ ಐದು ಸಾವಿರ ಎಕರೆಗೂ ಹೆಚ್ಚು. ಮಳೆ ನಿಂತ ಮಾರನೆಯ ದಿನ ಒಂದು ಹುಲ್ಲಿನ ಬುಡವನ್ನು ಬೆರಳಿನಿಂದ ಬಿಡಿಸಿ ನೋಡಿ: ಮೇಲೆ ಒಣಗಿದ್ದರೂ ಬೇರಿನ ಜಡೆಯೊಳಗೆ ಮಣ್ಣು ಹಸಿಯಾಗಿಯೇ ಇರುತ್ತದೆ. ನೀರು ಓಡಿಹೋಗದೆ ಇಂಗುವುದು ಹೀಗೆ. ವರ್ಷಕ್ಕೊಮ್ಮೆ ಸಸಿ, ಹಾರೆ, ಬ್ಯಾನರ್ ಹಿಡಿದು ಇಲ್ಲಿ ‘ಕಾಡು ಬೆಳೆಸಲು’ ಬರುವವರಿಗೆ ಇದನ್ನು ತೋರಿಸಬೇಕು. ಚಳಿಗಾಲದಲ್ಲಿ ವಲಸೆ ಬರುವ ಹ್ಯಾರಿಯರ್ ಗಿಡುಗಗಳು ರಾತ್ರಿ ತಂಗುವುದು ಮರದಲ್ಲಲ್ಲ, ನೆಲದ ಹುಲ್ಲಿನಲ್ಲಿ. ನೆಲಗುಬ್ಬಿ, ಟಿಟ್ಟಿಭಗಳ ಮೊಟ್ಟೆಯೂ ನೆಲದಲ್ಲೇ. ಹಾಗಾಗಿ ಗಾಡಿಯನ್ನು ದಾರಿ ಬಿಟ್ಟು ಇಳಿಸಬೇಡಿ, ಒಂದು ಚಕ್ರ ಹಾದರೂ ಗೂಡು ಹೋಯಿತು.

ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಶಿವಗಂಗೆ ಕಡೆಯ ಕುಮುದ್ವತಿ ಹೊಳೆ ಬಂದು ಸೇರುತ್ತದೆ. 1933ರ ಈ ಜಲಾಶಯಕ್ಕೆ ಸುಮಾರು 1,450 ಚದರ ಕಿ.ಮೀ. ಜಲಾನಯನವಿದೆ. ಒಳಗೆ ಹೋಗಲು ಅನುಮತಿ ಬೇಕು. ಸಿಗದಿದ್ದರೂ ನಷ್ಟವಿಲ್ಲ, ಮೇಲ್ಭಾಗದ ಸೇತುವೆಯೊಂದರ ಮೇಲೆ ನಿಂತು ಹೊಳೆಯ ಪಾತ್ರ ನೋಡಿ. ಮರಳಿಲ್ಲ, ಬಳ್ಳಾರಿ ಜಾಲಿ ಹಬ್ಬಿದೆ. ಕಟ್ಟಡ, ಕಾರ್ಖಾನೆಗಳಿಗೆ 2003ರ ಸರ್ಕಾರಿ ಆದೇಶ ಮಿತಿ ಹಾಕಿತು, ಸರಿ. ಆದರೆ ನದಿ ಬತ್ತಿದ್ದು ದಡದಲ್ಲಿ ಮಾತ್ರವಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಕುಸಿದು ಒಸರು ನಿಂತಿತು. ನೀಲಗಿರಿ ತೋಪುಗಳು ಇಂಗಿದ್ದನ್ನು ಹೀರಿದವು. ಹೊಲದೊಳಗೆ ನಡೆದದ್ದನ್ನು ದಡದ ಆದೇಶ ಹೇಗೆ ತಡೆದೀತು?

ಸಾವನದುರ್ಗದ ಬಂಡೆಯನ್ನು ಮಂಚನಬೆಲೆ ದಾರಿಯಿಂದಲೇ ನೋಡಿಕೊಂಡು ರಾಮನಗರದಲ್ಲಿ ಉಳಿಯಿರಿ. ಮಂಚನಬೆಲೆಯ ಹಿನ್ನೀರಿಗೆ ಮಾತ್ರ ಇಳಿಯಲೇಬೇಡಿ, ಅಲ್ಲಿ ಪ್ರಾಣ ಕಳೆದುಕೊಂಡವರು ಬಹಳ.

ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಆರು ಗಂಟೆಗೇ ಹೋಗಿ, ಏನೂ ಕಾಣಲಿಲ್ಲವೆಂದು ಎಂಟಕ್ಕೆ ಇಳಿದುಬರುವುದು ಸಾಮಾನ್ಯ ತಪ್ಪು. ಈ ಭಾರದ ಹಕ್ಕಿ ರೆಕ್ಕೆ ಬಡಿದು ದೂರ ಹಾರದು, ಬಂಡೆ ಕಾದು ಬಿಸಿಗಾಳಿ ಏಳುವವರೆಗೆ ಕಾಯುತ್ತದೆ. ಒಂಬತ್ತರಿಂದ ಹನ್ನೊಂದರವರೆಗೆ ಬೆಟ್ಟದ ಬುಡದಲ್ಲಿರಿ. ಕಡಿದಾದ ಬಂಡೆಯಲ್ಲಿ ಸುಣ್ಣ ಬಳಿದಂತೆ ಇಳಿದ ಬಿಳಿ ಗೆರೆಗಳನ್ನು ಮೊದಲು ಹುಡುಕಿ, ಅದು ಹಿಕ್ಕೆ. ಅದರ ಮೇಲಿನ ಅಂಚಿಗೆ 8x42 ದುರ್ಬೀನು ಹಿಡಿದರೆ ಉದ್ದ ಕೊಕ್ಕಿನ ರಣಹದ್ದು ಸಿಗಬಹುದು. ಉಳಿದಿರುವುದು ಬೆರಳೆಣಿಕೆಯಷ್ಟು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ ಇವುಗಳ ಮೂತ್ರಪಿಂಡ ಕೆಡಿಸಿತು. ಪಶುವೈದ್ಯಕ್ಕೆ ಅದನ್ನು ನಿಷೇಧಿಸಿದ್ದು 2006ರಲ್ಲಿ. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಚೇತರಿಸಿಕೊಳ್ಳುವುದು ನಿಧಾನ.

ಕನಕಪುರದ ಕಡೆ ಬಂದಂತೆ ಹೊಳೆಯಲ್ಲಿ ನೀರು ಹೆಚ್ಚುತ್ತದೆ, ವಾಸನೆಯೂ. ಬಸವನಗುಡಿಯಲ್ಲಿ ಹುಟ್ಟಿದ ವೃಷಭಾವತಿ ನಗರದ ಕೊಳಚೆ ಹೊತ್ತು ಇಲ್ಲಿಗೆ ಬರುತ್ತದೆ. ಕಾವೇರಿಯಿಂದ ನೂರು ಕಿ.ಮೀ. ದೂರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತಂದ ನೀರೇ ಬಳಕೆಯಾಗಿ ಈ ದಾರಿಯಲ್ಲಿ ಮತ್ತೆ ಕಾವೇರಿಗೆ ಹೊರಟಿರುತ್ತದೆ. ಮೇಲೆ ಒಣಗಿದ್ದ ನದಿ ಬೇಸಿಗೆಯಲ್ಲೂ ಕೆಳಗೆ ಹರಿಯುವ ಗುಟ್ಟು ಇದೇ.

ಸಂಗಮವಿರುವುದು ಕಾವೇರಿ ವನ್ಯಜೀವಿ ಧಾಮದೊಳಗೆ. 1987ರಲ್ಲಿ ಘೋಷಣೆಯಾದ ಧಾಮ ಈಗ ಸಾವಿರ ಚದರ ಕಿ.ಮೀ. ಮೀರಿದೆ. ದಡದ ಹೊಳೆಮತ್ತಿ ಮರಗಳ ಕೊಂಬೆಗಳು ಒಂದಕ್ಕೊಂದು ತಾಗಿರುವಲ್ಲಿ ಕತ್ತೆತ್ತಿ ನಿಲ್ಲಿ. ಬೂದುಬಣ್ಣದ ದೊಡ್ಡ ಅಳಿಲು ಓಡಾಡುವುದು ಆ ಮೇಲುದಾರಿಯಲ್ಲೇ. ನಡುವೆ ಒಂದು ಮರ ಬಿದ್ದರೂ ಅದಕ್ಕೆ ದಾರಿ ಕಡಿದಂತೆ. ನೀರಿನಲ್ಲಿ ಮಹಶೀರ್ ಮೀನೂ ಮೊಸಳೆಯೂ ಇವೆ. ಬಂಡೆಯಡಿಯ ಸುಳಿ ಮೇಲಿನಿಂದ ಕಾಣದು, ಮಂಡಿಯುದ್ದದ ನೀರೆಂದು ನಂಬಿ ಇಳಿಯಬೇಡಿ. ಮೇಕೆದಾಟಿಗೆ ಹೊಳೆ ದಾಟಿ ಮುಂದೆ ಸುಮಾರು 4 ಕಿ.ಮೀ.; ಹೊಳೆ ತುಂಬಿದ್ದರೆ ದಾಟಿಸುವುದಿಲ್ಲ. ಸಂಜೆ ನಾಲ್ಕೂವರೆಗೆಲ್ಲ ವಾಪಸ್ ಹೊರಡಿ. ಕತ್ತಲಾದರೆ ಕಾಡುದಾರಿಗೆ ಆನೆ ಇಳಿಯುತ್ತದೆ.