ಅಜ್ಜನ ಮನೆಯ ತೇಗ, ಅಮ್ಮನ ಕೋಣೆಯ ನೆಲ

ಚಾಮರಾಜಪೇಟೆಯ ಅಜ್ಜನ ಮನೆ ಕೆಡವುವಾಗ ನಾನು ಕೇಳಿದ್ದು ಒಂದೇ: ತೇಗದ ತೊಲೆಗಳು ನನಗಿರಲಿ ಅಂತ. ಎರಡು ವರ್ಷ ಅವು ನಮ್ಮ ಹನುಮಂತನಗರದ ಮನೆಯ ಕಾರ್ ಶೆಡ್ಡಿನಲ್ಲೇ ಇದ್ದವು. ಅಮ್ಮನಿಗೆ ಮಂಡಿನೋವು. ಚಳಿಗಾಲದ ಬೆಳಿಗ್ಗೆ ಟೈಲ್ಸ್ ಮೇಲೆ ಕಾಲಿಟ್ಟರೆ ಜುಮ್ ಅನ್ನುತ್ತೆ ಅನ್ನುತ್ತಿದ್ದಳು. ಅವಳ ಕೋಣೆಗೆ ಈ ತೇಗವನ್ನೇ ಹಾಸೋಣ ಅಂದುಕೊಂಡೆವು.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ತೊಲೆಗಳನ್ನು ಸೀಳಿಸಿದೆವು. ಒಳಗೆ ಒಂದು ಹಳೆ ಮೊಳೆ ಉಳಿದರೂ ಗರಗಸದ ಹಲ್ಲು ಹೋಗುತ್ತದೆ. ಹಾಗಾಗಿ ಒಂದು ದಿನ ಪೂರ್ತಿ ಮೊಳೆ ಕೀಳುವುದೇ ಆಯಿತು. ಹಲಗೆ 5 ಇಂಚು ಅಗಲ ಇರಲಿ, ನೋಡೋಕೆ ಚೆನ್ನ ಅಂದರು ಆಚಾರ್ರು. ನಾನು 3 ಇಂಚೇ ಸಾಕು ಅಂದೆ. ಮರ ಉದ್ದಕ್ಕೆ ಹಿಗ್ಗುವುದು ತೀರಾ ಕಡಿಮೆ, ಅಗಲಕ್ಕೇ ಜಾಸ್ತಿ. ಹಲಗೆ ಅಗಲವಾದಷ್ಟೂ ಅಂಟಿನ ಮೇಲೆ ಜಗ್ಗುವುದು ಹೆಚ್ಚು.

ಕೋಣೆ ನೆಲಮಹಡಿಯಲ್ಲಿದೆ, 10 ಅಡಿಗೆ 12 ಅಡಿ. ಮೇ ತಿಂಗಳಲ್ಲಿ ಹಳೆ ನೆಲ ಒಡೆಸಿ 4 ಇಂಚು ಕಾಂಕ್ರೀಟ್ ಹಾಕಿಸಿದ್ದೆವು. ಜುಲೈನಲ್ಲಿ ಮುಟ್ಟಿ ನೋಡಿದರೆ ನೆಲ ಒಣಗಿದ ಹಾಗೇ ಇತ್ತು. ಒಂದು ಮೂಲೆಯಲ್ಲಿ ಮೂರು ಅಡಿ ಜಾಗಕ್ಕೆ ಹಲಗೆ ಅಂಟಿಸಿ ನೋಡಿದೆವು. ಮೂರೇ ವಾರಕ್ಕೆ ಪ್ರತಿ ಹಲಗೆಯ ಎರಡೂ ಅಂಚು ಎದ್ದು, ನಡು ತಗ್ಗಾಗಿ ದೋಣಿಯ ಹಾಗಾಯಿತು. ಕೆಳಗಿನಿಂದ ತೇವ ಕುಡಿದು ಹಲಗೆಯ ಅಡಿಭಾಗ ಉಬ್ಬಿತ್ತು, ಮೇಲ್ಭಾಗ ಉಬ್ಬಿರಲಿಲ್ಲ. ಅಜ್ಜನ ಮನೆಯ ಮರ ಹಾಗೆ ಹಾಳಾದದ್ದು ನೋಡಿ ನನಗೆ ನಿಜವಾಗಲೂ ಹೊಟ್ಟೆ ಉರಿಯಿತು.

ಆಮೇಲೆ ನಾನು ಅವಸರ ಮಾಡಲಿಲ್ಲ. ಒಂದು ಇಂಚು ಕಾಂಕ್ರೀಟ್ ಒಣಗಲು ಸುಮಾರು ಒಂದು ತಿಂಗಳು ಬೇಕು ಅನ್ನುವ ಅಂದಾಜು ಲೆಕ್ಕವಿದೆ. ಮಳೆಗಾಲದಲ್ಲಿ ಅದೂ ಸಾಲದು. ಆಗಸ್ಟ್‌ನಲ್ಲಿ ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿದೆ. ಮಾರನೇ ದಿನ ತೆಗೆದರೆ ಅಡಿಯಲ್ಲಿ ಹನಿ ಕಟ್ಟಿತ್ತು, ಕಾಂಕ್ರೀಟ್ ಕಪ್ಪಾಗಿತ್ತು. ನವೆಂಬರ್‌ನಲ್ಲಿ ಹನಿ ಇರಲಿಲ್ಲ. ಆದರೆ ಈ ಪರೀಕ್ಷೆ ಮೇಲ್ಮೈಯನ್ನಷ್ಟೇ ಹೇಳುತ್ತದೆ. ಒಳಗಿನದು ತಿಳಿಯಬೇಕಾದರೆ ದಪ್ಪದ 40 ಶೇಕಡದಷ್ಟು ಆಳಕ್ಕೆ ತೂತು ಕೊರೆದು, ಒಳಗಿನ ಗಾಳಿಯ ತೇವಾಂಶ ಅಳೆಯುವ ಮೀಟರ್ ಇಳಿಸಿ, ಒಂದು ದಿನ ಬಿಟ್ಟು ನೋಡಬೇಕು. ನಮ್ಮದು 84 ಶೇಕಡ ತೋರಿಸಿತು. ಅಂಟಿನ ಡಬ್ಬಿಯ ಮೇಲೆ 75ರ ಒಳಗಿರಬೇಕು ಅಂತಿತ್ತು. "ಇನ್ನೂ ಎಷ್ಟು ದಿನ ಹಾಲ್‌ನಲ್ಲಿ ಮಲಗಲಿ?" ಅಂತ ಅಮ್ಮ ಕೇಳಿದಳು. ಫೆಬ್ರುವರಿಯಲ್ಲಿ 72ಕ್ಕೆ ಇಳಿಯಿತು. ಅಷ್ಟಾದರೂ, ಮಣ್ಣಿಗೆ ತಾಗಿದ ನೆಲ ಅಲ್ವಾ, ಮಳೆ ಬಂದಾಗ ಮತ್ತೆ ತೇವ ಏರಬಹುದು. ಅದಕ್ಕೆ ನೆಲ ಉಜ್ಜಿಸಿ, ತೇವ ತಡೆಯುವ ಎಪಾಕ್ಸಿ ಲೇಪ ಎರಡು ಕೋಟ್ ಬಳಿಸಿದೆ.

ಉಜ್ಜಿಸುವಾಗಲೇ ರಸಮಟ್ಟ ಇಟ್ಟು ಏರುತಗ್ಗು ಸರಿಮಾಡಿಸಿದೆವು. 10 ಅಡಿಗೆ 5 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ತಗ್ಗಿದ್ದ ಕಡೆ ಹಲಗೆ ಅಂಟಿಗೆ ತಾಗದೆ ಟೊಳ್ಳಾಗಿಬಿಡುತ್ತದೆ.

ಬಡಗಿ ಕೆಲಸದ ಬಿಳಿ ಅಂಟು ಇಲ್ಲಿ ಬೇಡವೇ ಬೇಡ. ಅದರಲ್ಲಿ ನೀರಿದೆ, ಹಲಗೆ ಕುಡಿದು ಉಬ್ಬುತ್ತದೆ. ನಾವು ತಂದದ್ದು ಪಾಲಿಯುರೆಥೇನ್ ಅಂಟು. ಒಣಗಿದ ಮೇಲೂ ರಬ್ಬರಿನ ಹಾಗೆ ಸ್ವಲ್ಪ ಎಳೆಯುತ್ತದೆ. ಮರ ಅಲುಗಿದರೂ ಬಿಡುವುದಿಲ್ಲ. ಇನ್ನೊಂದು ವಿಷಯ: ತೇಗದಲ್ಲೇ ಎಣ್ಣೆ ಇರುತ್ತದೆ, ಅಂಟು ಸರಿಯಾಗಿ ಕಚ್ಚದು. ಪ್ರತಿ ಹಲಗೆಯ ಅಡಿಯನ್ನೂ ಅಸಿಟೋನ್ (ಎಣ್ಣೆ ಕರಗಿಸುವ, ಬೇಗ ಹೊತ್ತಿಕೊಳ್ಳುವ ದ್ರವ) ಅದ್ದಿದ ಬಟ್ಟೆಯಿಂದ ಒರೆಸಿ ಆಮೇಲೆ ಕೂರಿಸಿದೆವು. ಕಿಟಕಿ ತೆಗೆದೇ ಇಡಬೇಕು, ಹತ್ತಿರ ಬೆಂಕಿ ಇರಬಾರದು.

ಹಲ್ಲಿರುವ ಕರಣೆಯಲ್ಲಿ, ಕೈಗೆಟುಕುವಷ್ಟು ಜಾಗಕ್ಕೆ ಮಾತ್ರ ಅಂಟು ಎಳೆದೆವು. ನಾಲ್ಕೈದು ಸಾಲಿಗೊಮ್ಮೆ ಒಂದು ಹಲಗೆ ಎತ್ತಿ, ಅಡಿಗೆಲ್ಲ ಅಂಟು ಮೆತ್ತಿದೆಯಾ ನೋಡಿದೆವು. ಮೇಲೆ ಮೆತ್ತಿದ್ದನ್ನು ಆಗಲೇ ಒರೆಸಬೇಕು, ಗಟ್ಟಿಯಾದರೆ ಕೆರೆದು ತೆಗೆಯುವುದು ಬಹಳ ಕಷ್ಟ. ಆಚಾರ್ರು ಗೋಡೆಗೆ ಒತ್ತಿ ಹಲಗೆ ಕೂರಿಸಲು ಹೋದರು. "ಬೇಡ ಆಚಾರ್ರೇ, ಸುತ್ತ 12 ಮಿಲಿಮೀಟರ್ ಬಿಡಿ" ಅಂದೆ. "ಸಂದು ಕಾಣುತ್ತಲ್ಲಮ್ಮ" ಅಂದರು. ಸ್ಕರ್ಟಿಂಗ್ ಮುಚ್ಚುತ್ತೆ ಅಂದೆ. ಬೆಂಗಳೂರಿನಲ್ಲಿ ಫೆಬ್ರುವರಿ, ಮಾರ್ಚ್ ಅಂದರೆ ಒಣ ಹವೆ. ಆಗ ಹಾಸಿದ ಮರ ಮಳೆಗಾಲದಲ್ಲಿ ಖಂಡಿತ ಹಿಗ್ಗುತ್ತದೆ. ಜಾಗ ಬಿಡದಿದ್ದರೆ ನಡುವೆ ಮೇಲೇಳುತ್ತದೆ.

ಸೆಪ್ಟೆಂಬರ್ ಮಳೆ ಕಳೆದ ಮೇಲೆ ಒಂದು ಕಡೆ ಸ್ಕರ್ಟಿಂಗ್ ಬಿಚ್ಚಿ ಅಳೆದೆ. ಸಂದು 8 ಮಿಲಿಮೀಟರ್‌ಗೆ ಇಳಿದಿತ್ತು. ಹಲಗೆ ಒಂದೂ ಎದ್ದಿರಲಿಲ್ಲ. ಕಿಟಕಿ ಪಕ್ಕದ ಒಂದು ಹಲಗೆ ಮಾತ್ರ ತಟ್ಟಿದರೆ ಟೊಳ್ಳು ಸದ್ದು ಕೊಡುತ್ತದೆ. ಸಣ್ಣ ತೂತು ಕೊರೆದು ಸಿರಿಂಜಿನಲ್ಲಿ ಅಂಟು ಬಿಡಬೇಕು.

ಅಮ್ಮನಿಗೆ ದಿನಾ ಬಕೆಟ್ ನೀರಲ್ಲಿ ನೆಲ ಒರೆಸಿ ಅಭ್ಯಾಸ. ಈಗ ಬಟ್ಟೆ ಚೆನ್ನಾಗಿ ಹಿಂಡಿ ಒರೆಸುತ್ತಾಳೆ. ಬಾಗಿಲ ಹತ್ತಿರದ ಹಲಗೆಯಲ್ಲಿ ಹಳೆ ಮೊಳೆಯ ಎರಡು ಕಪ್ಪು ತೂತುಗಳಿವೆ. ಅವನ್ನು ಮುಚ್ಚಿಸಬೇಡ ಅಂತ ಮೊದಲೇ ಹೇಳಿದ್ದಳು. ಅಜ್ಜನ ಮನೆಯ ತೊಟ್ಟಿಲ ಕೊಂಡಿ ಹಾಕಿದ್ದ ತೊಲೆ ಅದು.